ಕಥೆಯ ಪಕ್ಕದಲ್ಲೊಂದು ಚರಿತ್ರೆ

ಓದುವ ಅಭ್ಯಾಸ ಉಳಿಸಿಕೊಂಡವರಲ್ಲಿ ಎರಡು ಪಂಗಡಗಳನ್ನು ಕಾಣುತ್ತೇವೆ. ಕಥೆ, ಕಾದಂಬರಿ ಬಿಟ್ಟರೆ ಬೇರೇನೂ ರುಚಿಸದವರು ಒಂದು ಕಡೆ. ಕಾದಂಬರಿ ಎಂದರೆ ಕಾಲಹರಣ, ಚರಿತ್ರೆಯೋ ವಿಜ್ಞಾನವೋ ಓದಿದರೆ ನಾಲ್ಕು ವಿಷಯವಾದರೂ ತಿಳಿಯುತ್ತದೆ ಎನ್ನುವವರು ಇನ್ನೊಂದು ಕಡೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಮಕ್ಕಳ ಕೈಯಲ್ಲಿ ಕಾದಂಬರಿ ಕಂಡರೆ ಗದರುವ ಮನೆಗಳಿವೆ. ವಿಚಾರದ ಪುಸ್ತಕ ಕಂಡೊಡನೆ ಆಕಳಿಸುವ ಸಾಹಿತ್ಯಪ್ರೇಮಿಗಳೂ ಇದ್ದಾರೆ. ಎರಡೂ ಬೇಕು, ಸಮತೋಲ ಇರಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಸಮತೋಲ ಯಾವುದು? ತಿಂಗಳಿಗೆ ಎರಡು ಕಾದಂಬರಿ, ಎರಡು ವಿಚಾರದ ಪುಸ್ತಕ ಎಂದು ಲೆಕ್ಕ ಹಾಕಿ ಮುಗಿಸಿದರೆ ಕಪಾಟು ಸಮವಾದೀತು, ಮನಸ್ಸು ಸಮವಾಗಲಾರದು. ಬದುಕಿನ ಒಂದೇ ಪ್ರಶ್ನೆಯನ್ನು ಎರಡೂ ಬಗೆಯ ಪುಸ್ತಕಗಳ ಮುಂದಿಟ್ಟು, ಒಂದು ಹೇಳದೆ ಬಿಟ್ಟದ್ದನ್ನು ಇನ್ನೊಂದರಲ್ಲಿ ಹುಡುಕುವುದೇ ನಿಜವಾದ ಸಮತೋಲ ಎಂದು ನನ್ನ ನಂಬಿಕೆ.

ಭೂಮಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಧಣಿಯ ಮನೆಗೆ ತಲೆತಲಾಂತರದಿಂದ ದುಡಿಯುವ ಮೂಲದಾಳಾದ ಚೋಮನಿಗೆ ಇರುವುದು ಒಂದೇ ಆಸೆ, ತುಂಡು ಭೂಮಿಯನ್ನು ತಾನೇ ಉಳಬೇಕು. ಅದಕ್ಕೆಂದು ಜೋಡಿ ಎತ್ತುಗಳನ್ನು ಸಾಕಿಕೊಂಡಿದ್ದಾನೆ, ಹೂಡಲು ಹೊಲವಿಲ್ಲ. ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಿ ದುಡಿಯಬೇಕಾಗುತ್ತದೆ. ಸಂಕಟ ಬಂದಾಗಲೆಲ್ಲ ಅವನು ದುಡಿ ಬಾರಿಸುತ್ತಾನೆ. ಕೇಳಿದ ಗೇಣಿಭೂಮಿ ಅವನಿಗೆ ಸಿಗದೆ ಹೋಗುವುದು ಒಬ್ಬ ಕೆಟ್ಟ ಧಣಿಯಿಂದಲ್ಲ. ಅವನ ಜಾತಿಯವರು ಬೇಸಾಯ ಮಾಡಕೂಡದು ಎಂಬ ಊರ ಕಟ್ಟಳೆಯಿಂದ. ಇದನ್ನು ಓದಿದವನ ಕಣ್ಣು ಒದ್ದೆಯಾಗುತ್ತದೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಿದರೆ, ಅಯ್ಯೋ ಪಾಪ ಚೋಮ ಎಂಬ ಉದ್ಗಾರದಲ್ಲಿ ಎಲ್ಲವೂ ಮುಗಿಯುತ್ತದೆ. ಆ ಕಟ್ಟಳೆ ಮುಂದೆ ಮುರಿಯಿತೇ, ಎಷ್ಟು ಮುರಿಯಿತು ಎಂದು ಕಾದಂಬರಿ ಹೇಳದು, ಹೇಳಬೇಕಾಗಿಯೂ ಇಲ್ಲ. ಅದಕ್ಕೆ ಕರ್ನಾಟಕದ ಭೂಸುಧಾರಣೆಯ ಚರಿತ್ರೆಯನ್ನು ಓದಬೇಕು. 1961ರ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಅದನ್ನು ಉಳುತ್ತಿದ್ದ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಹಕ್ಕು ಪಡೆದರು. ಗೇಣಿ ಪದ್ಧತಿ ಬಲವಾಗಿ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ, ಅಂದರೆ ಚೋಮನ ನಾಡಿನಲ್ಲಿಯೇ, ಅಸಂಖ್ಯ ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಇಂಥ ಬದಲಾವಣೆ ಒಂದು ಕಾಯಿದೆಯಿಂದ ಆದದ್ದು ಸಣ್ಣ ಸಂಗತಿಯಲ್ಲ.

ಈಗ ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು ಒಂದು ಪ್ರಶ್ನೆ ಕೇಳಿ ನೋಡಿ. 1974ರಲ್ಲಿ ಚೋಮ ಬದುಕಿದ್ದಿದ್ದರೆ ಅವನಿಗೆ ಹೊಲ ಸಿಗುತ್ತಿತ್ತೇ? ಗೇಣಿದಾರನಾಗಿ ಸಿಗುತ್ತಿರಲಿಲ್ಲ, ಏಕೆಂದರೆ ಅವನು ಗೇಣಿದಾರನಾಗಿರಲೇ ಇಲ್ಲ. ಗೇಣಿಗೆ ಕೇಳಿ ಇಲ್ಲ ಎನಿಸಿಕೊಂಡದ್ದೇ ಅವನ ಕಥೆ. ಮಿತಿ ಮೀರಿದ ಹೆಚ್ಚುವರಿ ಭೂಮಿಯನ್ನು ಭೂಹೀನರಿಗೆ ಹಂಚುವ ಅವಕಾಶ ಕಾಯಿದೆಯಲ್ಲಿ ಇತ್ತು. ಆದರೆ ಗೇಣಿದಾರರಿಗೆ ದೊರೆತದ್ದರ ಮುಂದೆ ಹಾಗೆ ಹಂಚಿಕೆಯಾದದ್ದು ತೀರ ಕಡಿಮೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯೊಳಗೆ, ಉಳುವುದಕ್ಕೂ ಅಪ್ಪಣೆ ಇಲ್ಲದವನು ಎಲ್ಲಿ ನಿಲ್ಲಬೇಕು? ಬರಿಯ ಕಾದಂಬರಿ ಓದಿದವನಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ, ಏಕೆಂದರೆ ಅವನಿಗೆ ಕಾಯಿದೆ ಗೊತ್ತಿಲ್ಲ. ಬರಿಯ ಕಾಯಿದೆ ಓದಿದವನಿಗೂ ಹೊಳೆಯುವುದಿಲ್ಲ, ಏಕೆಂದರೆ ಅವನಿಗೆ ಚೋಮ ಗೊತ್ತಿಲ್ಲ. ತಿಳಿವಳಿಕೆಯಿಲ್ಲದ ಮರುಕ ದಾರಿ ಕಾಣದೆ ಅಲ್ಲಲ್ಲೇ ಇಂಗಿಹೋಗುತ್ತದೆ. ಮರುಕವಿಲ್ಲದ ತಿಳಿವಳಿಕೆ ಎಕರೆಗಳನ್ನು ಎಣಿಸಿ ತೃಪ್ತಿಪಡುತ್ತದೆ. ಎರಡೂ ಕೂಡಿದಾಗ ಮಾತ್ರ ನ್ಯಾಯದ ಪ್ರಶ್ನೆ ಹುಟ್ಟುತ್ತದೆ.

ಸಮಾಜದ ದೊಡ್ಡ ಪ್ರಶ್ನೆಗಳಿಗಷ್ಟೇ ಈ ಮಾತು ಅನ್ವಯಿಸುವುದಿಲ್ಲ, ಮನೆಯೊಳಗಿನ ಸಂಗತಿಗಳಿಗೂ ಇದು ನಿಜ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಬುದ್ಧಿಭ್ರಮಣೆಗೆ ಒಳಗಾಗಿ, ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಬರುತ್ತಾಳೆ. ಆದರೆ ಹುಚ್ಚಿ ಎಂಬ ಹೆಸರು ಅವಳನ್ನು ಬಿಡುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಇದರ ಪಕ್ಕದಲ್ಲಿ ಒಂದು ವಿಚಾರದ ಪುಸ್ತಕ ಇಡೋಣ. ವೈದ್ಯರಾಗಿದ್ದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ ಅವರು ಮನೋರೋಗಗಳನ್ನು ಕನ್ನಡದ ಸಾಮಾನ್ಯ ಓದುಗರಿಗೆ ತಿಳಿಯುವಂತೆ ‘ಮನಮಂಥನ’ ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಉಂಟು ಎಂಬ ಅರಿವು ವೈದ್ಯರ ಪುಸ್ತಕದಿಂದ ಬರುತ್ತದೆ. ಕಾಯಿಲೆ ವಾಸಿಯಾದ ಮೇಲೂ ಮನೆಯವರ ನೋಟವೇ ಒಬ್ಬಳನ್ನು ಮತ್ತೆ ಆಸ್ಪತ್ರೆಗೆ ದೂಡಬಲ್ಲದು ಎಂಬ ಎಚ್ಚರ ಕಾದಂಬರಿಯಿಂದ ಬರುತ್ತದೆ. ಇಂಥ ನೋವಿರುವ ಮನೆಯಲ್ಲಿ ಯಾವುದೊಂದು ಇಲ್ಲದಿದ್ದರೂ ರೋಗಿಗೆ ಅನ್ಯಾಯವಾಗುತ್ತದೆ.

ಇದಕ್ಕೆ ಎದುರು ಮಾತುಗಳಿವೆ. ಮೊದಲನೆಯದು, ಕಥೆ ಎಂದಮೇಲೆ ಅದು ಕಟ್ಟಿದ್ದು, ನಡೆಯದೇ ಇದ್ದದ್ದು. ಅದರಿಂದ ಕಲಿಯುವುದೇನು ಎಂಬುದು. ಗಾಂಧೀಜಿಯ ಆತ್ಮಕಥೆಯಲ್ಲಿ ಇದಕ್ಕೆ ಉತ್ತರವಿದೆ. ಬಾಲ್ಯದಲ್ಲಿ ಓದಿದ ಶ್ರವಣನ ಕಥೆಯೂ ನೋಡಿದ ಹರಿಶ್ಚಂದ್ರ ನಾಟಕವೂ ತಮ್ಮನ್ನು ಎಷ್ಟು ಆಳವಾಗಿ ತಟ್ಟಿದವು ಎಂದು ಅವರು ವಿವರಿಸುತ್ತಾರೆ. ಹರಿಶ್ಚಂದ್ರ ಚಾರಿತ್ರಿಕ ವ್ಯಕ್ತಿಯಾಗಿರಲಾರ ಎಂದು ವಿವೇಕ ಹೇಳಿದರೂ ತಮ್ಮ ಪಾಲಿಗೆ ಅವನು ಜೀವಂತ ಸತ್ಯವೇ ಎನ್ನುವ ಅರ್ಥದ ಮಾತು ಅಲ್ಲಿದೆ. ಅದೇ ಗಾಂಧೀಜಿ 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಇಂಗ್ಲಿಷ್ ಲೇಖಕ ರಸ್ಕಿನ್ನನ ಅರ್ಥನೀತಿಯ ಪುಸ್ತಕವನ್ನು ಓದಿ, ಅದರಂತೆ ಬದುಕಲು ನಿಶ್ಚಯಿಸಿ, ಆ ವರ್ಷವೇ ಫೀನಿಕ್ಸ್ ಆಶ್ರಮ ಕಟ್ಟಿದರು. ಸತ್ಯಕ್ಕೆ ಅಂಟಿಕೊಳ್ಳುವ ಛಲ ನಾಟಕದಿಂದ ಬಂತು. ಆ ಛಲವನ್ನು ದುಡಿಮೆ, ಕೂಲಿ, ಕೂಡಿ ಬಾಳುವ ಬಾಳ್ವೆಯಾಗಿ ನಡೆಸುವ ದಾರಿಗೆ ವಿಚಾರದ ಪುಸ್ತಕ ನೆರವಾಯಿತು. ಕಥೆ ನಡೆದದ್ದೋ ಇಲ್ಲವೋ ಎಂಬುದಕ್ಕಿಂತ, ಅದು ಓದಿದವನನ್ನು ಎತ್ತ ನಡೆಸಿತು ಎಂಬುದು ಮುಖ್ಯ.

ಎರಡನೆಯ ಮಾತು ಕಾದಂಬರಿಪ್ರಿಯರದು. ಸಾಹಿತ್ಯ ಓದಿದರೆ ಸಾಕು, ಸಹಾನುಭೂತಿ ತಾನಾಗಿ ಬೆಳೆಯುತ್ತದೆ ಎನ್ನುತ್ತಾರೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಸಾಹಿತ್ಯಕ ಕಥೆಗಳ ತುಣುಕು ಓದಿದವರು ಇತರರ ಮನಸ್ಸನ್ನು ಹೆಚ್ಚು ಚೆನ್ನಾಗಿ ಗ್ರಹಿಸುತ್ತಾರೆ ಎಂದು ಹೇಳಿ ಜಗತ್ತಿನೆಲ್ಲೆಡೆ ಸುದ್ದಿಯಾಯಿತು. 2016ರಲ್ಲೂ 2018ರಲ್ಲೂ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ಇದರಿಂದ ಸಾಹಿತ್ಯ ವ್ಯರ್ಥ ಎಂದು ತೀರ್ಮಾನಿಸಬೇಕಾಗಿಲ್ಲ. ನಾಲ್ಕು ಪುಟ ಓದಿದೊಡನೆ ಹೃದಯ ದೊಡ್ಡದಾಗದು ಎಂದಷ್ಟೇ ತಿಳಿಯಬೇಕು. ಕಾವೇರಿಗಾಗಿ ಅತ್ತವರು ತಮ್ಮ ಕೇರಿಯ ಕಾವೇರಿಯನ್ನು ಕಂಡು ಕದ ಮುಚ್ಚಿಕೊಳ್ಳುವುದು ಸಾಧ್ಯ. ಓದಿನ ಮಿಡಿತಕ್ಕೆ ತಿಳಿವು ಬೆಂಬಲವಾಗಿ ನಿಂತು, ಅದು ನಡತೆಯಾಗುವವರೆಗೆ ಓದು ಮುಗಿದಂತಲ್ಲ.

ಇನ್ನೊಂದು ಎಚ್ಚರವೂ ಬೇಕು. ತ.ರಾ.ಸು. ಅವರ ‘ದುರ್ಗಾಸ್ತಮಾನ’ 1779ರಲ್ಲಿ ಹೈದರಾಲಿಗೆ ವಶವಾದ ಚಿತ್ರದುರ್ಗವನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸುತ್ತದೆ. ಅದು ಶ್ರೇಷ್ಠ ಕಾದಂಬರಿ. ಅದರ ಸಂಭಾಷಣೆಯನ್ನೆಲ್ಲ ದಾಖಲೆ ಎಂದು ನಂಬಿ ವಾದಕ್ಕಿಳಿದರೆ ಕಾದಂಬರಿಗೂ ಚರಿತ್ರೆಗೂ ಅಪಚಾರ. ಹಾಗೆಯೇ ಅಂಕಿಸಂಖ್ಯೆ ಇದ್ದಮಾತ್ರಕ್ಕೆ ವಿಚಾರದ ಪುಸ್ತಕ ನಿಷ್ಪಕ್ಷಪಾತಿ ಎಂದೂ ತಿಳಿಯಬಾರದು. ಯಾವ ಅಂಕಿ ಹೇಳಬೇಕು, ಯಾವುದು ಬಿಡಬೇಕು ಎಂದು ಆರಿಸುವುದು ಬರೆಯುವವನ ಕೈಯಲ್ಲೇ ಇದೆ. ಒಂದೇ ಬಗೆಯ ಓದಿಗೆ ಅಂಟಿಕೊಂಡವನು ಆ ಬಗೆಯ ತಪ್ಪಿಗೆ ಸುಲಭವಾಗಿ ತುತ್ತಾಗುತ್ತಾನೆ. ಈ ಎರಡು ಲೋಕಗಳ ನಡುವೆ ನಮ್ಮ ಹಿರಿಯರು ಗೋಡೆ ಕಟ್ಟಿರಲಿಲ್ಲ. ಚೋಮನನ್ನು ಸೃಷ್ಟಿಸಿದ ಕಾರಂತರೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದರು. ‘ಕರ್ವಾಲೊ’ ಬರೆದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬಗೆಗೂ ಪರಿಸರದ ಬಗೆಗೂ ಅಷ್ಟೇ ಆಸ್ಥೆಯಿಂದ ಬರೆದರು. ಬರೆದವರಿಗೆ ಬೇಡವಾಗಿದ್ದ ಗೋಡೆ ಓದುವ ನಮಗೇಕೆ?

ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವವರುಂಟು. ದುಡಿದು ದಣಿದು ಬಂದವರು ಹಾಗೆ ಕೇಳಿದರೆ ಅದು ನೆಪವಲ್ಲ, ನಿಜವಾದ ಕಷ್ಟ. ಅವರಿಗೆ ಹೆಚ್ಚು ಪುಸ್ತಕ ಓದಿ ಎನ್ನುವುದು ಸರಿಯಲ್ಲ. ಓದುವ ಕೆಲವನ್ನೇ ಜೋಡಿಯಾಗಿ ಆರಿಸಿಕೊಳ್ಳಿ ಎನ್ನಬಹುದು. ನಿಮ್ಮ ಮನಸ್ಸನ್ನು ಕಾಡುತ್ತಿರುವ ಒಂದು ವಿಷಯ ಹಿಡಿಯಿರಿ, ಅದು ಭೂಮಿಯಾಗಲಿ, ಕಾಯಿಲೆಯಾಗಲಿ, ಕಾಡಾಗಲಿ. ಅದರ ಬಗ್ಗೆ ಒಂದು ಕಥೆಯ ಪುಸ್ತಕ, ಒಂದು ವಿಚಾರದ ಪುಸ್ತಕ ಓದಿ. ಒಂದನ್ನು ಮುಗಿಸುವಾಗ ಉಳಿದ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿ. ಎಲ್ಲವನ್ನೂ ಕೊಂಡು ಓದಬೇಕಾಗಿಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಊರಿನ ಗ್ರಂಥಾಲಯ ನಮ್ಮದೇ. ಈ ವಾರ ಅಲ್ಲಿಗೆ ಹೋಗಿ, ಇಂಥ ಒಂದು ಜೋಡಿ ಪುಸ್ತಕ ಕೇಳಿ ತನ್ನಿ. ಓದಿ ಮುಗಿಸಿದ ಮೇಲೆ ಮನೆಯ ಮಕ್ಕಳ ಕೈಗೂ ಎರಡನ್ನೂ ಒಟ್ಟಿಗೇ ಕೊಡಿ.