ಧಾತು ಹೋಗುತ್ತಿದೆ ಎಂಬ ಚಿಂತೆ

ಹೊರರೋಗಿಗಳ ಚೀಟಿ ಮಾಡಿಸಿಕೊಂಡು ಬಂದ ಇಪ್ಪತ್ತರ ಹುಡುಗ ವೈದ್ಯರ ಎದುರು ಕೂತು ಮೊದಲು ಹೇಳುವುದು ಸುಸ್ತಿನ ಸಂಗತಿ. ಕೈಕಾಲು ಸೋಲುತ್ತವೆ, ಊಟ ಸೇರುವುದಿಲ್ಲ, ಪುಸ್ತಕ ಹಿಡಿದರೆ ಒಂದಕ್ಷರ ತಲೆಗೆ ಹತ್ತುವುದಿಲ್ಲ. ಜೊತೆಗೆ ಬಂದ ಅಣ್ಣನೋ ಭಾವನೋ ಹೊರಗೆ ಹೋದ ಮೇಲೆ ದನಿ ತಗ್ಗುತ್ತದೆ. ‘ಸರ್, ಮೂತ್ರದಲ್ಲಿ ಧಾತು ಹೋಗ್ತಿದೆ.’ ಯಾವಾಗಿನಿಂದ ಎಂದು ಕೇಳಿದರೆ ನೆಲ ನೋಡುತ್ತಾನೆ. ಹೈಸ್ಕೂಲಿನಲ್ಲಿದ್ದಾಗ ಶುರುವಾದ ಹಸ್ತಮೈಥುನವೇ ಇದಕ್ಕೆಲ್ಲ ಮೂಲವೆಂದು ಅವನು ಎಂದೋ ತೀರ್ಮಾನಿಸಿಕೊಂಡಿದ್ದಾನೆ. ಮನೆಯಲ್ಲಿ ಹೆಣ್ಣು ನೋಡುವ ಮಾತು ಎದ್ದಿರುವುದರಿಂದ ಈಗ ಭಯ ಇನ್ನೂ ಹೆಚ್ಚಾಗಿದೆ.

ದೇಶದ ಯಾವ ಮನೋವೈದ್ಯರಿಗೂ ಈ ಹುಡುಗನ ಪರಿಚಯ ಮಾಡಿಕೊಡಬೇಕಾಗಿಲ್ಲ. 1950ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದ ಬ್ರಿಟಿಷ್ ಮನೋವೈದ್ಯ ಕಾರ್‌ಸ್ಟೇರ್ಸ್ ಅವರ ಹತ್ತಿರ ಗಂಡಸರು ಮತ್ತೆಮತ್ತೆ ತೋಡಿಕೊಂಡದ್ದು ಇದೇ ಅಳಲನ್ನು. 1960ರಲ್ಲಿ ನರೇಂದ್ರನಾಥ ವಿಗ್ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಆ ಹೆಸರು ಹಾಗೆಯೇ ಸೇರಿಕೊಂಡಿತು. ನಮ್ಮ ನೆಲದ ಮಾತೊಂದು ಜಗತ್ತಿನ ವೈದ್ಯಕೀಯ ನಿಘಂಟಿಗೆ ಹೋಯಿತೆಂದು ಸಂತೋಷಪಡಬೇಕೋ ಬೇಡವೋ, ಅದು ಬೇರೆ ಪ್ರಶ್ನೆ.

ಧಾತು ಎಂಬ ಮಾತು ಆಯುರ್ವೇದದ್ದು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಕೊನೆಗೆ ಶುಕ್ರ, ಹೀಗೆ ಏಳು ಧಾತುಗಳು. ಉಂಡ ಅನ್ನ ಒಂದೊಂದೇ ಮೆಟ್ಟಿಲು ಹತ್ತಿ ಶುಕ್ರವಾಗುತ್ತದೆ ಎಂಬುದು ಆ ಶಾಸ್ತ್ರದ ಕಲ್ಪನೆ. ಕಬ್ಬಿನಲ್ಲಿ ರಸ, ಮೊಸರಿನಲ್ಲಿ ತುಪ್ಪ, ಎಳ್ಳಿನಲ್ಲಿ ಎಣ್ಣೆ ಇರುವಂತೆ ಶುಕ್ರವು ಮೈತುಂಬ ಹರಡಿಕೊಂಡಿರುತ್ತದೆ ಎನ್ನುತ್ತಾನೆ ಚರಕ. ಶಾಸ್ತ್ರದ ಈ ಮಾತು ಜನರ ಬಾಯಲ್ಲಿ ಲೆಕ್ಕವಾಯಿತು: ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ಮಜ್ಜೆ, ನಲವತ್ತು ಹನಿ ಮಜ್ಜೆ ಸೇರಿದರೆ ಒಂದು ಹನಿ ವೀರ್ಯ. ಹಾಸ್ಟೆಲುಗಳಲ್ಲಿ ಹಿರಿಯ ಹುಡುಗರು ಕಿರಿಯರಿಗೆ ದಾಟಿಸುವ ಗಣಿತದಲ್ಲಿ ಇದಕ್ಕೆ ಮೊದಲ ಸ್ಥಾನ.

ಈ ನಲವತ್ತರ ಮೋಹ ಹಿಂದೂಸ್ಥಾನದ್ದು ಮಾತ್ರ ಅಲ್ಲ. ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನಲ್ಲಿ ‘ಒನಾನಿಯಾ’ ಎಂಬ ಪುಸ್ತಕ ಹೊರಬಂತು. ಬರೆದವನು ಹೆಸರು ಹಾಕಿರಲಿಲ್ಲ. ಹಸ್ತಮೈಥುನದಿಂದ ಏನೆಲ್ಲ ಅನಾಹುತ ಆಗುತ್ತದೆಂದು ಪುಟಗಟ್ಟಲೆ ಹೆದರಿಸಿ, ಅದೇ ಪುಸ್ತಕದಲ್ಲಿ ಶಕ್ತಿ ಬರಿಸುವ ಔಷಧಿಯ ಜಾಹೀರಾತನ್ನೂ ಕೊಟ್ಟಿತ್ತು! ಆಮೇಲೆ ಬಂದವನು ಲೋಸಾನ್ ನಗರದ ವೈದ್ಯ ಟಿಸ್ಸೋ. ಈತ ಖದೀಮನಲ್ಲ, ಯುರೋಪಿನಲ್ಲೆಲ್ಲ ಮನ್ನಣೆ ಪಡೆದವನು. ಒಂದು ಔನ್ಸ್ ವೀರ್ಯ ಹೋದರೆ ನಲವತ್ತು ಔನ್ಸ್ ರಕ್ತ ಹೋದದ್ದಕ್ಕಿಂತ ಹೆಚ್ಚು ನಿಶ್ಶಕ್ತಿ ಬರುತ್ತದೆಂಬ ಮಾತನ್ನು 1760ರ ತನ್ನ ಗ್ರಂಥದಲ್ಲಿ ಎತ್ತಿಹಿಡಿದ. ಮುಂದೆ ನೂರೈವತ್ತು ವರ್ಷ ಪಶ್ಚಿಮದ ವೈದ್ಯರು ಹುಚ್ಚು, ಕುರುಡು, ಕ್ಷಯ ಎಲ್ಲವನ್ನೂ ಇದರ ತಲೆಗೆ ಕಟ್ಟಿದರು. ಅಮೆರಿಕದಲ್ಲಿ ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಡಾಕ್ಟರ್ ಕೆಲಾಗ್ ಕೂಡ ಈ ಸಾಲಿನವನೇ.

ಲೆಕ್ಕ ಹಾಕುವುದೇ ಆದರೆ ಸರಿಯಾಗಿ ಹಾಕಬಹುದು. ಒಂದು ಸಲಕ್ಕೆ ಹೊರಬರುವ ವೀರ್ಯ ಸಾಮಾನ್ಯವಾಗಿ ಒಂದೂವರೆಯಿಂದ ಐದು ಮಿಲಿಲೀಟರ್, ಟೀ ಚಮಚದ ಅಳತೆ. ಟಿಸ್ಸೋನ ಅನುಪಾತವನ್ನೇ ಒಪ್ಪಿದರೂ ಚಮಚ ತುಂಬಿದಾಗ ಆಗುವ ನಷ್ಟ ಇನ್ನೂರು ಮಿಲಿಲೀಟರ್ ರಕ್ತ. ರಕ್ತದಾನ ಶಿಬಿರದಲ್ಲಿ ಕಾಲೇಜು ಹುಡುಗರು ಒಂದೇ ಸಲಕ್ಕೆ 350 ಮಿಲಿಲೀಟರ್ ಕೊಟ್ಟು, ಒಂದು ಲೋಟ ಜ್ಯೂಸ್ ಕುಡಿದು, ಬಿಸ್ಕತ್ತು ತಿಂದು, ಬಸ್ಸು ಹಿಡಿಯುತ್ತಾರೆ. ಅವರಲ್ಲಿ ಯಾರೂ ನರದೌರ್ಬಲ್ಯದ ಡಾಕ್ಟರನ್ನು ಹುಡುಕಿಕೊಂಡು ಹೋಗುವುದಿಲ್ಲ.

ನಿಜದಲ್ಲಿ ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ದ್ರವ. ಅದರಲ್ಲಿ ನೀರು, ಫ್ರಕ್ಟೋಸ್ ಸಕ್ಕರೆ, ಸಿಟ್ರಿಕ್ ಆಮ್ಲ, ಸ್ವಲ್ಪ ಪ್ರೋಟೀನು, ಅಷ್ಟು ಸತು. ವೀರ್ಯಾಣುಗಳ ಪಾಲು ನೂರಕ್ಕೆ ಐದಕ್ಕಿಂತ ಕಡಿಮೆ. ಅವು ಹುಟ್ಟಿ ಬಲಿಯುವುದಕ್ಕೆ ಎರಡು ತಿಂಗಳ ಮೇಲೆ ಬೇಕು, ಆದರೆ ಉತ್ಪಾದನೆ ಹಗಲೂ ರಾತ್ರಿ ನಡೆದೇ ಇರುತ್ತದೆ. ಬಳಕೆಯಾಗದ್ದನ್ನು ದೇಹ ಕರಗಿಸಿಕೊಳ್ಳುತ್ತದೆ, ಇಲ್ಲವೇ ನಿದ್ದೆಯಲ್ಲಿ ಹೊರಹಾಕುತ್ತದೆ. ಕೂಡಿಟ್ಟು ಬಡ್ಡಿ ಎಣಿಸಲು ಇದು ಬ್ಯಾಂಕಿನ ಠೇವಣಿಯಲ್ಲ.

ಹಾಗಾದರೆ ಆ ಹುಡುಗ ಮೂತ್ರದಲ್ಲಿ ಕಂಡ ಬಿಳುಪು ಸುಳ್ಳೇ? ಸುಳ್ಳಲ್ಲ. ಊಟವಾದ ಮೇಲೆ ಎಷ್ಟೋ ಜನರ ಮೂತ್ರದ ಆಮ್ಲೀಯತೆ ಇಳಿಯುತ್ತದೆ, ಅದರಲ್ಲಿರುವ ಫಾಸ್ಫೇಟ್ ಲವಣ ಕರಗದೆ ಉಳಿದು ತಿಳಿ ಮಜ್ಜಿಗೆಯಂತೆ ಮಸುಕಾಗುತ್ತದೆ. ಇದನ್ನು ರೋಗಿಯ ಕಣ್ಣೆದುರೇ ತೋರಿಸಬಹುದು. ಗಾಜಿನ ನಳಿಕೆಯಲ್ಲಿ ಮೂತ್ರ ಹಿಡಿದು ಕೆಲವು ಹನಿ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿ, ಬಿಟ್ಟು ಅಲುಗಿಸಬೇಕು. ಫಾಸ್ಫೇಟ್ ಆಗಿದ್ದರೆ ಬಿಳುಪು ಕರಗಿ ನೀರು ತಿಳಿಯಾಗುತ್ತದೆ. ಧಾತು ಎಂದು ವರ್ಷಗಟ್ಟಲೆ ನಿದ್ದೆ ಕೆಡಿಸಿದ್ದು ಹುಳಿ ಬಿದ್ದ ತಕ್ಷಣ ಮಾಯ! ತಿಳಿಯಾಗದಿದ್ದರೆ, ಉರಿ ಅಥವಾ ಜ್ವರ ಇದ್ದರೆ, ಸೋಂಕಿಗೆ ಪರೀಕ್ಷೆ ಮಾಡಿಸಬೇಕು. ಮಲವಿಸರ್ಜನೆಗೆ ತಿಣುಕಿದಾಗ ಕಾಣುವ ಅಂಟು ದ್ರವವೂ ಸಾಮಾನ್ಯವಾಗಿ ಪ್ರಾಸ್ಟೇಟಿನದು, ಅದರಿಂದ ಅಪಾಯವಿಲ್ಲ.

ಸುಸ್ತಿನ ಕಥೆ ಇನ್ನಷ್ಟು ಸೂಕ್ಷ್ಮ. ಸ್ಖಲನವಾದ ಮೇಲೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಮೈ ಸಡಿಲವಾಗುತ್ತದೆ, ಜೊಂಪು ಹತ್ತುತ್ತದೆ. ನಿರಾಳವಾಗಿದ್ದವನು ಅದನ್ನು ವಿಶ್ರಾಂತಿ ಎಂದುಕೊಂಡು ಮಲಗುತ್ತಾನೆ. ನಲವತ್ತು ಹನಿಯ ಲೆಕ್ಕ ತಲೆಯಲ್ಲಿರುವವನಿಗೆ ಅದೇ ಜೊಂಪು ಶಕ್ತಿ ಸೋರಿಹೋದ ಗುರುತು. ಇನ್ನು ಮಾಡುವುದಿಲ್ಲವೆಂದು ದೇವರ ಮುಂದೆ ಆಣೆ ಇಡುತ್ತಾನೆ, ನಾಲ್ಕು ದಿನಕ್ಕೆ ಆಣೆ ಮುರಿಯುತ್ತದೆ. ತಪ್ಪು ಮಾಡಿದೆನೆಂಬ ಕೊರಗಿನ ಮೇಲೆ ಮಾತಿಗೆ ತಪ್ಪಿದ ಕೊರಗು ಸೇರುತ್ತದೆ. ಕನ್ನಡಿ ನೋಡಿದರೆ ಕಣ್ಣು ಗುಳಿಬಿದ್ದಂತೆ, ತೂಕದ ಯಂತ್ರ ಹತ್ತಿದರೆ ಕಿಲೋ ಇಳಿದಂತೆ.

ಇಲ್ಲಿ ವೈದ್ಯರು ಎಡವುವುದೂ ಉಂಟು. ‘ಏನೂ ಇಲ್ಲ, ಎಲ್ಲರೂ ಮಾಡ್ತಾರೆ, ಹೋಗು’ ಎಂದರೆ ಅರ್ಧ ಸತ್ಯ ಹೇಳಿದಂತಾಯಿತು. ಎಲ್ಲರೂ ಎಂಬುದು ಹೆಚ್ಚುಕಡಿಮೆ ನಿಜವೇ. 1948ರಲ್ಲಿ ಅಮೆರಿಕದ ಲೈಂಗಿಕ ಸಂಶೋಧಕ ಕಿನ್ಸಿ ಪ್ರಕಟಿಸಿದ ವರದಿಯಲ್ಲಿ ಹಸ್ತಮೈಥುನ ಮಾಡಿಕೊಂಡ ಗಂಡಸರ ಪ್ರಮಾಣ ಶೇಕಡಾ 92. ಆದರೆ ‘ಏನೂ ಇಲ್ಲ’ ಎಂಬುದು ಎಷ್ಟೋ ಸಲ ತಪ್ಪು. ನಿದ್ದೆ ಬಾರದಿರುವುದು, ಹಸಿವು ಸಾಯುವುದು, ಏಕಾಗ್ರತೆ ಇಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆಲ್ಲ ಖಿನ್ನತೆಯ ಲಕ್ಷಣಗಳು. ಧಾತಿನ ದೂರು ಹೊತ್ತು ಬರುವವರಲ್ಲಿ ಅನೇಕರಿಗೆ ಖಿನ್ನತೆಯೋ ಆತಂಕದ ಕಾಯಿಲೆಯೋ ನಿಜವಾಗಿ ಇರುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಹುಡುಗ ಕಾರಣವನ್ನು ತಪ್ಪು ಹೇಳಿದ್ದಾನೆ, ನೋವನ್ನು ಸರಿಯಾಗಿಯೇ ಹೇಳಿದ್ದಾನೆ.

ಹೆಂಗಸರಲ್ಲಿ ಇದರ ಜೋಡಿ ಬಿಳಿ ಸೆರಗಿನ ಚಿಂತೆ. ಮೂಳೆ ಕರಗಿ ಹೋಗುತ್ತಿದೆ, ಸೊಂಟ ಬಿದ್ದುಹೋಯಿತು ಎನ್ನುವವರಲ್ಲಿ ಎಷ್ಟೋ ಜನರಿಗೆ ಸೋಂಕೇ ಇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂತೋಷ್ ಚತುರ್ವೇದಿ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿದ್ದಾರೆ. ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡಕ್ಕೂ ಈ ದೂರಿನ ಹಿಂದೆ ಸೋಂಕಿಗಿಂತ ಮನಸ್ಸಿನ ಭಾರವೇ ಹೆಚ್ಚಾಗಿ ಕಂಡಿತು. ಹಸ್ತಮೈಥುನ ಹೆಂಗಸರಲ್ಲೂ ಇದೆ. ಆದರೆ ಅದನ್ನು ಕುರಿತು ವೈದ್ಯರ ಹತ್ತಿರ ಬಾಯಿಬಿಡುವವರು ಕಡಿಮೆ.

ಮಿತಿಯ ಪ್ರಶ್ನೆ ಉಳಿಯಿತು. ದಿನಕ್ಕೆ, ವಾರಕ್ಕೆ ಇಷ್ಟೇ ಎಂಬ ಸಂಖ್ಯೆ ಯಾವ ವೈದ್ಯಗ್ರಂಥದಲ್ಲೂ ಇಲ್ಲ. ಓದು, ಕೆಲಸ, ಮನೆಮಂದಿ ಎಲ್ಲವನ್ನೂ ಬದಿಗೊತ್ತಿ, ಬಿಡಬೇಕೆಂದರೂ ಬಿಡಲಾಗದೆ ತಿಂಗಳುಗಟ್ಟಲೆ ಅದರಲ್ಲೇ ಮುಳುಗಿದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. 2022ರಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ ಇದನ್ನು ಹೆಸರಿಸಿದೆ. ಬರಿಯ ಪಾಪಪ್ರಜ್ಞೆಯಿಂದ ಹುಟ್ಟಿದ ಸಂಕಟವನ್ನು ಈ ಲೆಕ್ಕಕ್ಕೆ ಹಿಡಿಯಬಾರದೆಂದೂ ಅದೇ ಪಟ್ಟಿ ಹೇಳುತ್ತದೆ.

ಇಷ್ಟಿದ್ದೂ ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿ ‘ಗುಪ್ತರೋಗ, ನರದೌರ್ಬಲ್ಯ’ದ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಯಲ್ಲಿ ಬಂದು ಕೂರುವ ‘ತಜ್ಞರು’ ಸಾವಿರಾರು ರೂಪಾಯಿಯ ಲೇಹ್ಯ, ಭಸ್ಮ ಕೊಟ್ಟು ಹೋಗುತ್ತಾರೆ. ಇಂಥ ಜಾಹೀರಾತನ್ನು ತಡೆಯಲು 1954ರಿಂದಲೇ ಕಾಯ್ದೆ ಇದೆ, ಗೋಡೆಗೆ ಅದು ಗೊತ್ತಿಲ್ಲ. ಈ ‘ತಜ್ಞ’ರಿಗಿಂತ ಸುಲಭದ ದಾರಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ಹಗಲಿರುಳು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಚಿಕಿತ್ಸೆಯಲ್ಲಿ ಗುಟ್ಟೇನೂ ಇಲ್ಲ. ದೂರನ್ನು ನಗದೆ ಕೇಳುವುದು, ಚಿತ್ರ ಬರೆದು ಅಂಗರಚನೆ ತಿಳಿಸುವುದು, ನಳಿಕೆಯನ್ನು ತೋರಿಸುವುದು, ಖಿನ್ನತೆ ಇದ್ದರೆ ಅದಕ್ಕೆ ಮಾತ್ರೆ ಕೊಡುವುದು. ಹೆಚ್ಚಿನವರ ಮುಖ ಹಗುರಾಗುತ್ತದೆ. ಕೆಲವರು ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದು ನಿಲ್ಲುತ್ತಾರೆ: ‘ಒಂದು ಟಾನಿಕ್ ಆದ್ರೂ ಬರೀರಿ, ಸರ್.’