ಕ್ಯಾಮೆರಾ, ಲೇಖನಿ ಮತ್ತು ಒಂದು ಗ್ಯಾಸ್ ಒಲೆ

(ನಮ್ಮ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ಇಂಥ ಸಮಾರಂಭಗಳಲ್ಲಿ ಡಾಕ್ಟರಾಗಿ, ಎಂಜಿನಿಯರಾಗಿ, ಐ.ಎ.ಎಸ್. ಪಾಸು ಮಾಡಿ ಎಂದು ಹೇಳುವುದು ವಾಡಿಕೆ. ಅದನ್ನು ಹೇಳಲು ನನಗಿಂತ ಅರ್ಹರು ಇಲ್ಲಿ ಕುಳಿತಿದ್ದಾರೆ. ನಾನು ಉರ್ದು ಮತ್ತು ಕನ್ನಡ ಪಾಠ ಹೇಳುವ ಒಬ್ಬ ಶಾಲಾ ಶಿಕ್ಷಕ. ಆದ್ದರಿಂದ ನೀವು ಹೆಚ್ಚು ಕೇಳಿರದ ಒಂದು ದಾರಿಯ ಬಗ್ಗೆ, ಆ ದಾರಿಯಲ್ಲಿ ನಡೆದ ಇಬ್ಬರು ಕನ್ನಡಿಗರ ಬಗ್ಗೆ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನಮ್ಮ ಊರಿನ ಒಂದು ನೋವಿನ ವಿಷಯವನ್ನು ನೆನಪಿಸಿಕೊಳ್ಳಲೇಬೇಕು.

2019ರ ಅಕ್ಟೋಬರ್‌ನಿಂದ 2020ರ ಫೆಬ್ರುವರಿವರೆಗಿನ ದಿನಗಳನ್ನು ಸಿ.ಎಸ್. ಪುರದವರಾಗಲಿ, ಹೆಬ್ಬೂರು ಕಡೆಯವರಾಗಲಿ, ಕುಣಿಗಲ್ ಕಡೆಯವರಾಗಲಿ ಮರೆಯುವಂತಿಲ್ಲ. ಆ ಐದು ತಿಂಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ನಾಲ್ಕು ಜನ ಬಲಿಯಾದರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. ಸಂಜೆ ಐದಾದರೆ ತೋಟದ ದಾರಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಅರಣ್ಯ ಇಲಾಖೆಯವರು ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು. ತಾಯಂದಿರು ಮಕ್ಕಳನ್ನು ಶಾಲೆಯವರೆಗೂ ಕೈಹಿಡಿದು ತಂದು ಬಿಡುತ್ತಿದ್ದರು.

ಆ ದಿನಗಳಲ್ಲಿ ಕನ್ನಡ ಪಾಠದಲ್ಲಿ ವನ್ಯಜೀವಿಗಳ ವಿಷಯ ಬಂತು. "ಕಾಡುಪ್ರಾಣಿಗಳು ನಮ್ಮ ನಾಡಿನ ಸಂಪತ್ತು" ಎಂದು ನಾನು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಮಗೂನ ತಿಂದ ಚಿರತೆಯೂ ಸಂಪತ್ತಾ?" ಎಂದು ಕೇಳಿದ. ಇಡೀ ತರಗತಿ ಸುಮ್ಮನಾಯಿತು. ನನಗೆ ಉತ್ತರ ಹೊಳೆಯಲಿಲ್ಲ. "ಕೂತ್ಕೋ" ಎಂದುಬಿಟ್ಟೆ. ಆ "ಕೂತ್ಕೋ" ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಇಂದು ನಾನು ಹೇಳುತ್ತಿರುವುದು ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದು ತಿಳಿದುಕೊಳ್ಳಿ.

ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು ಕೃಪಾಕರ ಮತ್ತು ಸೇನಾನಿ. ಮೈಸೂರಿನ ಇಬ್ಬರು ಗೆಳೆಯರು. ಒಬ್ಬರು ಬಿ.ಎಸ್. ಕೃಪಾಕರ, ಇನ್ನೊಬ್ಬರು ಸೇನಾನಿ ಹೆಗಡೆ. ದಶಕಗಳಿಂದ ಜೊತೆಗೆ ದುಡಿದ ಇವರ ಹೆಸರನ್ನು ಜನ "ಕೃಪಾಕರ-ಸೇನಾನಿ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಛಾಯಾಗ್ರಾಹಕರಾಗಿ ಶುರುಮಾಡಿ, ಕನ್ನಡದಲ್ಲಿ ಪುಸ್ತಕ ಬರೆದು, ಮುಂದೆ ಜಗತ್ತಿನ ದೊಡ್ಡ ಟಿ.ವಿ. ಚಾನೆಲ್‌ಗಳಿಗೆ ವನ್ಯಜೀವಿ ಚಿತ್ರಗಳನ್ನು ಮಾಡಿಕೊಟ್ಟವರು.

ಅವರು ಬೆನ್ನುಹತ್ತಿದ ಪ್ರಾಣಿ ಹುಲಿಯಲ್ಲ, ಆನೆಯಲ್ಲ. ಕೆನ್ನಾಯಿ. ಸೀಳುನಾಯಿ, ಕಾಡುನಾಯಿ ಎಂದೂ ಅದನ್ನು ಕರೆಯುತ್ತಾರೆ. ಕೆಂಪು ಮೈ, ಕಪ್ಪು ಬಾಲದ ಪೊದೆ, ಗುಂಪಿನಲ್ಲಿ ಬೇಟೆ, ಒಂದನ್ನೊಂದು ಕರೆಯಲು ಸಿಳ್ಳೆಯಂಥ ಕೂಗು. ಈ ಪ್ರಾಣಿಗೆ ಒಳ್ಳೆಯ ಹೆಸರು ಇರಲಿಲ್ಲ. ಜೀವಂತವಾಗಿರುವಾಗಲೇ ಬೇಟೆಯನ್ನು ಸೀಳಿ ತಿನ್ನುವ ಕ್ರೂರಿ ಎಂದು ಬೇಟೆಗಾರರು ಬರೆದರು. ಬ್ರಿಟಿಷರ ಕಾಲದಲ್ಲಿ ಅದನ್ನು ಉಪದ್ರವದ ಪ್ರಾಣಿ ಎಂದು ಪಟ್ಟಿಮಾಡಿ, ಕೊಂದು ತಂದವರಿಗೆ ಸರ್ಕಾರದಿಂದ ಇನಾಮು ಕೊಡುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಇಂದು ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿದೆ.

ಬಂಡೀಪುರದ ಕಾಡಿನಲ್ಲಿ ಕೃಪಾಕರ-ಸೇನಾನಿ ವರ್ಷಗಟ್ಟಲೆ ಈ ನಾಯಿಗಳ ಹಿಂದೆ ತಿರುಗಿದರು. ಎಷ್ಟೋ ದಿನ ಬೆಳಗಿನಿಂದ ಸಂಜೆವರೆಗೆ ಕಾದರೂ ಏನೂ ಕಾಣದೆ ಬರಿಗೈಯಲ್ಲಿ ಬರುವ ಕೆಲಸ ಅದು. ನಮ್ಮ ಮನೆಮಾತಿನಲ್ಲಿ ಇದಕ್ಕೆ ಸಬ್ರ್ ಎನ್ನುತ್ತೇವೆ, ಕನ್ನಡದಲ್ಲಿ ತಾಳ್ಮೆ. ಹಾಗೆ ತಾಳ್ಮೆಯಿಂದ ನೋಡಿದಾಗ ಕ್ರೂರಿ ಎನಿಸಿಕೊಂಡ ಪ್ರಾಣಿಯ ಇನ್ನೊಂದು ಮುಖ ಕಂಡಿತು. ಕೆನ್ನಾಯಿಯ ಗುಂಪು ಒಂದು ದೊಡ್ಡ ಕುಟುಂಬ. ಮರಿ ಹಾಕುವುದು ಸಾಮಾನ್ಯವಾಗಿ ಒಂದು ಜೋಡಿ. ಆದರೆ ಸಾಕುವುದು ಇಡೀ ಗುಂಪು. ಬೇಟೆಗೆ ಹೋದವು ಹೊಟ್ಟೆಯಲ್ಲಿ ಮಾಂಸ ತುಂಬಿಕೊಂಡು ಬಂದು, ಗೂಡಿನ ಬಳಿ ಕಕ್ಕಿ ಮರಿಗಳಿಗೆ ಉಣಿಸುತ್ತವೆ. ದೊಡ್ಡವು ಬೇಟೆಗೆ ಹೋದಾಗ ಮರಿಗಳ ಕಾವಲಿಗೆ ಒಂದೆರಡು ಹಿಂದೆ ಉಳಿಯುತ್ತವೆ. ಕೂಡುಕುಟುಂಬದಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ದಾದಿ ಎಲ್ಲರೂ ಸೇರಿ ಮಕ್ಕಳನ್ನು ಬೆಳೆಸುವುದನ್ನು ಕಂಡ ನಮಗೆ ಇದು ಅಪರಿಚಿತವಲ್ಲ.

ಈ ನಾಯಿಗಳ ಬಗ್ಗೆ ಅವರು ಮಾಡಿದ "ದಿ ಪ್ಯಾಕ್" ಎಂಬ ಚಿತ್ರಸರಣಿಗೆ 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಪ್ರಶಸ್ತಿ ಬಂತು. ವನ್ಯಜೀವಿ ಚಿತ್ರಗಳ ಲೋಕದಲ್ಲಿ ಅದನ್ನು ಹಸಿರು ಆಸ್ಕರ್ ಎಂದೇ ಕರೆಯುತ್ತಾರೆ. ಇದೇ ಇಬ್ಬರು "ಕೆನ್ನಾಯಿಯ ಜಾಡಿನಲ್ಲಿ" ಎಂಬ ಪುಸ್ತಕವನ್ನೂ ಬರೆದರು, ಕನ್ನಡದಲ್ಲಿ. ವಿದ್ಯಾರ್ಥಿಗಳೆ, ಈ ಮಾತನ್ನು ಗಮನಿಸಿ. ಪ್ರಪಂಚದ ಪ್ರಶಸ್ತಿ ಪಡೆದವರಿಗೆ ತಮ್ಮ ಊರಿನ ಭಾಷೆಯಲ್ಲಿ ಬರೆಯುವುದು ಸಣ್ಣ ಕೆಲಸ ಎನಿಸಲಿಲ್ಲ. ಕಾಡಿನ ಅಂಚಿನಲ್ಲಿ ಬದುಕುವವರು ಓದುವುದು ಕನ್ನಡವನ್ನೇ ಅಲ್ಲವೆ?

ಇವರ ಬದುಕಿನಲ್ಲಿ ಸಿನಿಮಾ ಕಥೆಯಂಥ ಒಂದು ಘಟನೆಯೂ ನಡೆಯಿತು. 1997ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಇವರನ್ನು ಅಪಹರಿಸಿದ. ಇವರು ಸರ್ಕಾರದ ದೊಡ್ಡ ಅಧಿಕಾರಿಗಳು ಎಂದು ಅವನು ತಪ್ಪು ತಿಳಿದಿದ್ದ. ಹದಿನಾಲ್ಕು ದಿನ ಅವರು ಕಾಡಿನಲ್ಲಿ ಸೆರೆಯಾಳುಗಳಾಗಿದ್ದರು. ಡಾ. ರಾಜ್‌ಕುಮಾರ್ ಅವರ ಅಪಹರಣ ಆದದ್ದು ಅದಾದ ಮೇಲೆ, 2000ದ ಜುಲೈನಲ್ಲಿ. ಬಿಡುಗಡೆಯಾಗಿ ಬಂದ ಮೇಲೆ ಕೃಪಾಕರ-ಸೇನಾನಿ ಆ ಅನುಭವವನ್ನು ಕನ್ನಡದಲ್ಲಿ ಬರೆದರು. 2011ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪೆಂಗ್ವಿನ್ ಸಂಸ್ಥೆ ಪ್ರಕಟಿಸಿತು. ಕೋವಿ ಹಿಡಿದವರನ್ನು ಕೂಡ ಅವರು ರಾಕ್ಷಸರಂತೆ ಬಣ್ಣಿಸದೆ, ಹಸಿವು, ಭಯ, ನಗು ಎಲ್ಲವೂ ಇರುವ ಮನುಷ್ಯರಂತೆ ನೋಡಿ ಬರೆದಿದ್ದಾರೆ. ವೀರಪ್ಪನ್ ಮಾಡಿದ ಕೊಲೆಗಳನ್ನು, ಕೊಂದ ಆನೆಗಳನ್ನು ಅದು ಮುಚ್ಚುವುದಿಲ್ಲ. ಕೆನ್ನಾಯಿಯನ್ನು ನೋಡಿದ ಕಣ್ಣೇ ಇಲ್ಲಿಯೂ ಕೆಲಸ ಮಾಡಿದೆ. ಮೊದಲು ನೋಡು, ಆಮೇಲೆ ತೀರ್ಪು ಕೊಡು.

ಇಷ್ಟೇ ಆಗಿದ್ದರೆ ನಾನು ಇವರನ್ನು ಒಳ್ಳೆಯ ಕಲಾವಿದರು ಎಂದು ಹೊಗಳಿ ಮುಗಿಸುತ್ತಿದ್ದೆ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರ ಇನ್ನೊಂದು ಕೆಲಸದಲ್ಲಿ.

ಬಂಡೀಪುರದ ಸುತ್ತಲಿನ ಹಳ್ಳಿಗಳ ಹೆಂಗಸರು ಸೌದೆಗಾಗಿ ಕಾಡಿಗೆ ಹೋಗುತ್ತಿದ್ದರು. ದಿನವೂ ತಲೆಹೊರೆ. ಆನೆ ಎದುರಾಗುವ ಭಯ, ಹಿಡಿದರೆ ಇಲಾಖೆಯವರ ದಂಡ. ಕಾಡೂ ಸವೆಯುತ್ತಿತ್ತು, ಹೊಗೆಯಲ್ಲಿ ಅವರ ಕಣ್ಣು, ಶ್ವಾಸಕೋಶವೂ ಸವೆಯುತ್ತಿದ್ದವು. ಇವರಿಗೆ "ಕಾಡು ಉಳಿಸಿ" ಎಂದು ಭಾಷಣ ಮಾಡಿದರೆ ಸಂಜೆಯ ಒಲೆ ಉರಿಯುತ್ತದೆಯೆ? ಕೃಪಾಕರ-ಸೇನಾನಿ ಗೆಳೆಯರೊಂದಿಗೆ ಸೇರಿ "ನಮ್ಮ ಸಂಘ" ಎಂಬ ಸಂಸ್ಥೆ ಕಟ್ಟಿ, ಕಾಡಂಚಿನ ಸಾವಿರಾರು ಮನೆಗಳಿಗೆ ಅಡುಗೆ ಅನಿಲ ತಲುಪುವಂತೆ ಮಾಡಿದರು. ಕೇಂದ್ರ ಸರ್ಕಾರದ ಉಜ್ವಲ ಯೋಜನೆ ಶುರುವಾದದ್ದು 2016ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಇವರು ಈ ಕೆಲಸಕ್ಕೆ ಕೈಹಾಕಿದ್ದರು. ಸಿಲಿಂಡರ್ ಮನೆಗೆ ಬಂತು, ಸೌದೆಗಾಗಿ ಕಾಡಿಗೆ ಹೋಗುವ ಕಾಲುಗಳು ಕಡಿಮೆಯಾದವು.

ನಾನು ಚಿಕ್ಕವನಿದ್ದಾಗ ನಮ್ಮ ದಾದಿ ಸೌದೆಗೆಂದು ಗುಡ್ಡದ ಕಡೆಗೆ ಹೋಗಿ ಬರುತ್ತಿದ್ದರು. ಮುಳ್ಳು ಗೀರಿದ ಅವರ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಗ ಯಾರಾದರೂ ಬಂದು "ಅಜ್ಜಿ, ಮರ ಕಡಿಯಬೇಡಿ" ಎಂದಿದ್ದರೆ ಅವರು ಬೈದು ಕಳಿಸುತ್ತಿದ್ದರು. ಒಲೆ ತಂದುಕೊಟ್ಟಿದ್ದರೆ ದುವಾ ಮಾಡುತ್ತಿದ್ದರು. ಕಾಡನ್ನು ಉಳಿಸಬೇಕಾದರೆ ಮೊದಲು ಕಾಡಂಚಿನ ಮನುಷ್ಯನ ಕಷ್ಟವನ್ನು ನೋಡಬೇಕು. ಈ ಇಬ್ಬರ ಬದುಕಿನಿಂದ ನಾನು ಕಲಿತ ಪಾಠ ಇದೇ.

ಈಗ ನಮ್ಮ ಚಿರತೆಯ ವಿಷಯಕ್ಕೆ ಬರೋಣ. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಚಿರತೆ ನಾಡಿನ ಸಂಪತ್ತು ಎನ್ನುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಅಂದು ಆ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಜನರ ಮೇಲೆ ಬೀಳುವ ಚಿರತೆಯನ್ನು ಹಿಡಿಯಲೇಬೇಕು. ಆದರೆ ಕಂಡ ಚಿರತೆಯನ್ನೆಲ್ಲ ಹೊಡೆದರೆ, ಹಿಡಿದು ಬೇರೆಲ್ಲೋ ಬಿಟ್ಟರೆ ಮುಗಿಯುವುದಿಲ್ಲ. ಒಂದು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಯಾಕೆ ಬರುತ್ತದೆ ಎಂದು ನೋಡಬೇಕು. ಚಿರತೆಗೆ ದಟ್ಟ ಕಾಡೇ ಬೇಕೆಂದಿಲ್ಲ. ಕುರುಚಲು ಗುಡ್ಡ, ಕಲ್ಲುಬಂಡೆ, ಪೊದೆ ಬೆಳೆದ ತೋಟ ಸಾಕು. ಅದನ್ನು ಊರಿನ ಹತ್ತಿರಕ್ಕೆ ಎಳೆಯುವುದು ಬೀದಿನಾಯಿ, ಮೇಕೆ, ಕುರಿ. ಬೀದಿನಾಯಿಯನ್ನು ಸಾಕುವುದು ನಾವು ಬಿಸಾಡುವ ಕಸ.

ಇಲ್ಲಿ ನಮ್ಮವರಿಗೇ ಒಂದು ಮಾತು ಹೇಳಬೇಕು, ಯಾರೂ ಬೇಸರ ಮಾಡಿಕೊಳ್ಳಬಾರದು. ಬಕ್ರೀದ್ ದಿನವಾಗಲಿ, ಮದುವೆ ಮನೆಯಲ್ಲಾಗಲಿ ಉಳಿದ ಮಾಂಸದ ತ್ಯಾಜ್ಯವನ್ನು ಹಳ್ಳದ ಬದಿಗೆ ಎಸೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಂಡಿ ತೋಡಿ ಆಳವಾಗಿ ಹೂಳಿದರೆ ಅರ್ಧ ಗಂಟೆಯ ಕೆಲಸ. ಮೇಕೆಗಳಿಗೆ ಬಾಗಿಲು, ಮೇಲ್ಛಾವಣಿ ಇರುವ ಕೊಟ್ಟಿಗೆ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳಿಸದಿರುವುದು, ಮನೆಯ ಸುತ್ತಲಿನ ಪೊದೆ ಸವರುವುದು, ದಾರಿಗೆ ಒಂದು ದೀಪ. ಬಂಡೀಪುರಕ್ಕೆ ಗ್ಯಾಸ್ ಒಲೆ ಹೇಗೋ ನಮಗೆ ಇವು ಹಾಗೆ.

ನಮ್ಮ ಜಿಲ್ಲೆಯೂ ಈ ವಿಷಯದಲ್ಲಿ ಬಡವಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರಿನೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಅವುಗಳನ್ನು ಕಾಯುವವರು ಹಳ್ಳಿಯ ಜನರೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. 2019ರಲ್ಲಿ ಬುಕ್ಕಾಪಟ್ಟಣದ ಕಾಡು ಚಿಂಕಾರ ಧಾಮವಾಯಿತು. ಅದರ ಹಿಂದೆ ದುಡಿದವರಲ್ಲಿ ನಮ್ಮ ತಾಲ್ಲೂಕಿನ ಹೆಸರನ್ನೇ ಹೊತ್ತ ಸಂಜಯ್ ಗುಬ್ಬಿ ಒಬ್ಬರು. ಚಿರತೆಗಳನ್ನು ಅಧ್ಯಯನ ಮಾಡುವ ವಿಜ್ಞಾನಿ. 2016ರಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆ ಅವರನ್ನೇ ಕಚ್ಚಿ ಗಾಯಗೊಳಿಸಿತು. ಗುಣವಾದ ಮೇಲೆ ಅವರು ಮತ್ತೆ ಅದೇ ಕೆಲಸಕ್ಕೆ ಹೋದರು, ಕನ್ನಡದಲ್ಲೂ ಪುಸ್ತಕ ಬರೆದರು.

ಇದೆಲ್ಲ ನಮ್ಮಂಥವರ ಮನೆಯ ಮಕ್ಕಳಿಗಲ್ಲ ಎಂದು ಯಾರಾದರೂ ಅಂದುಕೊಂಡಿದ್ದರೆ ಸಲೀಂ ಅಲಿ ಅವರನ್ನು ನೆನೆಯಿರಿ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು, ಮಾವನ ಮನೆಯಲ್ಲಿ ಬೆಳೆದ ಹುಡುಗ. ಆಟದ ಬಂದೂಕಿನಿಂದ ಹೊಡೆದ ಗುಬ್ಬಚ್ಚಿಯ ಕತ್ತಿನ ಮೇಲೆ ಹಳದಿ ಮಚ್ಚೆ ಏಕಿದೆ ಎಂದು ಕೇಳಲು ಹೋದವರು ಭಾರತದ ಪಕ್ಷಿತಜ್ಞರಾದರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಅವರ ಒತ್ತಾಯವೇ ಕಾರಣ. ಒಂದು ಪ್ರಶ್ನೆಯಿಂದ ಶುರುವಾದ ಬದುಕು ಅದು. ಆ ದಿನ ಯಾರಾದರೂ ಅವರಿಗೆ "ಕೂತ್ಕೋ" ಎಂದಿದ್ದರೆ?

ಎಲ್ಲರೂ ಚಿತ್ರ ನಿರ್ಮಾಪಕರಾಗಿ ಎಂದು ನಾನು ಹೇಳುತ್ತಿಲ್ಲ. ಈ ದಾರಿಯಲ್ಲಿ ಸಂಬಳ ಬೇಗ ಬರುವುದಿಲ್ಲ, ಮನೆಯವರಿಗೆ ಅರ್ಥ ಮಾಡಿಸುವುದೂ ಕಷ್ಟ. ಆದರೆ ಶುರುಮಾಡಲು ದೊಡ್ಡ ಕ್ಯಾಮೆರಾ ಬೇಕಿಲ್ಲ. ಇಂದು ಸಂಜೆಯೇ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಊರ ಕೆರೆಗೆ ಯಾವ ಹಕ್ಕಿ ಯಾವ ತಿಂಗಳು ಬಂತು, ಎಷ್ಟು ಬಂದವು, ಏನು ಮಾಡುತ್ತಿದ್ದವು ಎಂದು ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಉರ್ದುವಿನಲ್ಲಿ ಬರೆಯಿರಿ, ದಿನಾಂಕ ಹಾಕಿ. ಹಿರಿಯರನ್ನು ಕೇಳಿ, ಮೊದಲು ಏನಿತ್ತು, ಈಗ ಏನಿಲ್ಲ ಎಂದು. ಒಂದು ವರ್ಷ ಬಿಡದೆ ಬರೆದವರು ನನ್ನ ಬಳಿ ತನ್ನಿ. ಚೆನ್ನಾಗಿರುವುದನ್ನು ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಹಾಕುವಂತೆ ಸಂಪಾದಕರನ್ನು ಕೇಳಿಕೊಳ್ಳುವ ಜವಾಬ್ದಾರಿ ನನ್ನದು.

ಪ್ರಶ್ನೆ ಕೇಳಿದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಮಗನೇ, ನೀನು ಇದನ್ನು ಓದುತ್ತಿದ್ದರೆ ಕೇಳು. ಚಿರತೆಯೂ ನಮ್ಮ ಮಕ್ಕಳೂ ಇಬ್ಬರೂ ಉಳಿಯುವಂತೆ ನಮ್ಮ ಊರನ್ನು ಇಟ್ಟುಕೊಂಡಾಗ ಮಾತ್ರ ಆ ಮಾತನ್ನು ಬೋರ್ಡಿನ ಮೇಲೆ ಬರೆಯುವ ಹಕ್ಕು ನನಗೆ ಬರುತ್ತದೆ. ಅಂದು ನಿನ್ನನ್ನು ಕೂರಿಸಿದ್ದು ನನ್ನ ತಪ್ಪು. ಇನ್ನು ಮುಂದೆ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲು ಎದ್ದು ನಿಂತವರನ್ನು ಉತ್ತರ ಹೇಳದೆ ಕೂರಿಸುವುದಿಲ್ಲ.