ಬಂದದ್ದನ್ನೇ ಬರೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹತ್ತನೇ ತರಗತಿಯಲ್ಲಿ ನಮಗೆ ಪೀನ ಮಸೂರದ ಸಂಗಮ ದೂರ ಅಳೆಯುವ ಪ್ರಯೋಗವಿತ್ತು. ನಾನು ಅಳೆಯಲೇ ಇಲ್ಲ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಮೂರು ರೀಡಿಂಗ್ ಇಳಿಸಿದೆ. ಮೂರೂ 10 ಸೆಂಟಿಮೀಟರ್! ಮೇಷ್ಟ್ರು ನಕ್ಕರು. "ಮೂರು ಸಲ ಅಳೆದರೆ ಮೂರೂ ಒಂದೇ ಬರುತ್ತೇನೋ? ಹೋಗು, ಬಂದದ್ದನ್ನೇ ಬರೆ" ಎಂದರು. ಕಿಟಕಿಯ ಬಳಿ ನಿಂತು ಅಳೆದೆ. 9.6, 10.3, 9.9 ಬಂತು.

ನಾನು ವಿಜ್ಞಾನಿಯಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಆದರೆ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಪ್ರಯೋಗಗಳ ಬಗ್ಗೆ ಓದುವ ಹುಚ್ಚು ಇದೆ. ಅಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳನ್ನು, ಕೆಲವೊಮ್ಮೆ ಸೀಸದ ನ್ಯೂಕ್ಲಿಯಸ್‌ಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯ ಶಕ್ತಿಯಿಂದ ಹೊಸ ಕಣಗಳು ಹುಟ್ಟುತ್ತವೆ. ಎಷ್ಟು ಹುಟ್ಟಿದವು ಎಂದು ಎಣಿಸುವುದೇ ಮೊದಲ ಕೆಲಸ.

ಕಣ ಕಣ್ಣಿಗೆ ಕಾಣುವುದಿಲ್ಲ. ಡಿಕ್ಕಿಯ ಜಾಗದ ಸುತ್ತ ಸಿಲಿಕಾನ್‌ನ ಪದರಗಳಿವೆ. ವಿದ್ಯುದಾವೇಶವಿರುವ ಕಣ ಹಾದುಹೋದರೆ ಪದರಗಳಲ್ಲಿ ಒಂದೊಂದು ಚುಕ್ಕಿ ಮೂಡುತ್ತದೆ. ಚುಕ್ಕಿಗಳನ್ನು ಸೇರಿಸಿದ ಗೆರೆ ಡಿಕ್ಕಿಯ ಜಾಗದತ್ತ ಬೊಟ್ಟು ಮಾಡಿದರೆ ಲೆಕ್ಕಕ್ಕೆ ಒಂದು ಕಣ.

ಆದರೆ ಕೆಲವು ಕಣಗಳು ತಪ್ಪಿಸಿಕೊಳ್ಳುತ್ತವೆ. ಕೆಲವು ಗೆರೆಗಳು ಸುಳ್ಳು. ಆದ್ದರಿಂದ ಕಂಪ್ಯೂಟರಿನಲ್ಲಿ ಕೃತಕ ಡಿಕ್ಕಿಗಳನ್ನು ಮಾಡಿ, ಕಳಿಸಿದ್ದೆಷ್ಟು, ಉಪಕರಣ ಹಿಡಿದದ್ದೆಷ್ಟು ಎಂದು ನೋಡುತ್ತಾರೆ. 100 ಕಳಿಸಿದಾಗ 80 ಸಿಕ್ಕರೆ, ನಿಜವಾದ ಎಣಿಕೆಯನ್ನೂ ಅದೇ ಪ್ರಮಾಣದಲ್ಲಿ ತಿದ್ದುತ್ತಾರೆ. ತನ್ನ ಕಣ್ಣಿನ ದೋಷವನ್ನೂ ಅಳೆಯುವುದು ಅಂದರೆ ಇದೇ.

2009ರ ನವೆಂಬರ್‌ನಲ್ಲಿ ಆಲಿಸ್ ಎಂಬ ಪ್ರಯೋಗದ ತಂಡ ಬರೀ 284 ಪ್ರೋಟಾನ್ ಡಿಕ್ಕಿಗಳಿಂದ ತನ್ನ ಮೊದಲ ಎಣಿಕೆ ಪ್ರಕಟಿಸಿತು. ಅಳೆದ ಮಧ್ಯದ ಪಟ್ಟಿಯಲ್ಲಿ ಡಿಕ್ಕಿಗೆ ಸರಾಸರಿ ಮೂರು ಕಣ. ಮರುವರ್ಷ, ಹೆಚ್ಚಿನ ಶಕ್ತಿಯಲ್ಲಿ, ಸೀಸದ ನ್ಯೂಕ್ಲಿಯಸ್‌ಗಳು ನೇರವಾಗಿ ಗುದ್ದಿದಾಗ ಅಷ್ಟೇ ಅಗಲದ ಪಟ್ಟಿಯಲ್ಲಿ ಸುಮಾರು 1584. ಅಲ್ಲಿ ಕ್ಷಣಮಾತ್ರ ಸೂರ್ಯನ ಒಡಲಿಗಿಂತ ಲಕ್ಷ ಪಟ್ಟು ಬಿಸಿ. ಪ್ರೋಟಾನ್‌ಗಳೇ ಕರಗಿ ಕ್ವಾರ್ಕ್‌ಗಳ ರಸವಾಗುತ್ತವೆ.

ನನ್ನ ಮನಸ್ಸಿನಲ್ಲಿ ನಿಂತದ್ದು 1584 ಅಲ್ಲ, ಅದರ ಪಕ್ಕದ 76. "ನಮ್ಮ ಲೆಕ್ಕ ಇಷ್ಟು ಹೆಚ್ಚುಕಡಿಮೆ ಇರಬಹುದು" ಎಂದು ಅವರೇ ಬರೆದುಕೊಂಡದ್ದು. ಮೊದಲೇ ಲೆಕ್ಕ ಹಾಕಿದ ಸಿದ್ಧಾಂತಗಳು ಬೇರೆ ಬೇರೆ ಸಂಖ್ಯೆ ಹೇಳಿದ್ದವು. ಯಾವುದಕ್ಕೂ ಹೊಂದಿಸದೆ, ಬಂದದ್ದನ್ನೇ ಬರೆದರು.

ಒಮ್ಮೆ ನನ್ನ ಪ್ರೋಗ್ರಾಂ ಗ್ರಾಹಕರಿಗೆ ಕೊಡುವ ಹಿಂದಿನ ರಾತ್ರಿ ಒಂದು ಪರೀಕ್ಷೆಯಲ್ಲಿ ಫೇಲಾಯಿತು. ವರದಿಯಿಂದ ಆ ಸಾಲು ಅಳಿಸಲು ಕೈ ಹೋಯಿತು. ಮೇಷ್ಟ್ರ ನಗು ನೆನಪಾಯಿತು, ಅಳಿಸಲಿಲ್ಲ. ಮರುದಿನ ಬೈಸಿಕೊಂಡೆ, ಆದರೆ ತಪ್ಪು ಸಿಕ್ಕಿತು.

ಮಕ್ಕಳೇ, ನಮ್ಮ ಬ್ಯಾಚಿನವರು ಪ್ರಯೋಗಾಲಯಕ್ಕೆ ಮಸೂರ, ಸ್ಟ್ಯಾಂಡ್, ಸ್ಕೇಲು ತಂದಿದ್ದೇವೆ. ನಮ್ಮ ಹಳೆಯ ರೆಕಾರ್ಡ್ ಮಾತ್ರ ತಂದಿಲ್ಲ. ನೀವೇ ಅಳೆಯಿರಿ.